ಬದಲಿ ಆಟಗಾರರಿಗೆ ನಾನು ಹಾಕಿದ ಮಾರ್ಕು

ಮಾನ ಹೋಗುವ ಪ್ರಸಂಗ ಯಾರ ಬಾಳಿನಲ್ಲಾದರೂ ಬರುತ್ತದೆ, ಆದರೆ ಹೇಳಿ ಕಳಿಸಿ ಬರುವುದಿಲ್ಲ. ನನಗೆ ಮಾತ್ರ ಒಂದು ವರ್ಷ ಅದು ಟೈಮ್‌ಟೇಬಲ್ ಹಾಕಿಕೊಂಡು ಬಂತು. ಭಾನುವಾರ, ಮಧ್ಯಾಹ್ನ ಒಂದೂವರೆಗೆ, ಯಾವುದಾದರೊಂದು ಕೆಸರಿನ ಮೈದಾನದಲ್ಲಿ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ನೆನೆಸಿಕೊಂಡರೇ ಕಿವಿ ಬಿಸಿಯಾಗುತ್ತಿತ್ತು. ಈಗ ವಯಸ್ಸಾಯಿತು. ಕಿವಿ ಬಿಸಿಯಾದರೆ ಈ ದೇಶದ ಥಂಡಿಗೆ ಒಳ್ಳೆಯದೇ ಎಂದುಕೊಂಡು ಬರೆಯುತ್ತಿದ್ದೇನೆ.

ನಾನು ಧಾರವಾಡದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಗಣಿತ ಕಲಿಸಿದವನು. ಹೆಂಡತಿಗೆ ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವಳ ಸೂಟ್‌ಕೇಸಿನ ಹಿಂದೆ ನಾನೂ ಬಂದೆ. ಫೆಲ್ಥಮ್‌ನಲ್ಲಿ ಮನೆ. ನನಗೆ ಏರ್‌ಪೋರ್ಟಿನ ಸರಕು ಶೆಡ್ಡಿನಲ್ಲಿ ಕೆಲಸ. ಯಾವ ಪೆಟ್ಟಿಗೆ ಯಾವ ವಿಮಾನಕ್ಕೆ, ತೂಕ ಎಷ್ಟು ಎಂದು ಸಾಲಾಗಿ ಬರೆದಿಡುವುದು. ನನ್ನ ಅಕ್ಷರ ದುಂಡಗಿತ್ತು. ಮುಂದೆ ಆದ ಅನಾಹುತಕ್ಕೆಲ್ಲ ಆ ದುಂಡಗಿನ ಅಕ್ಷರವೇ ಮೂಲ.

೧. ಒದ್ದವನಿಗೆ ನೂರಕ್ಕೆ ನೂರು

ಶೆಡ್ಡಿನ ಸೂಪರ್‌ವೈಸರ್ ಅಮೆರಿಕದವನು. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ವಾರವೆಲ್ಲ ನಮ್ಮ ಮೇಲೆ ಕೂಗಾಡಿ, ಭಾನುವಾರ ಒಂದು ಹವ್ಯಾಸಿ ಅಮೆರಿಕನ್ ಫುಟ್‌ಬಾಲ್ ತಂಡದ ಮೇಲೆ ಕೂಗಾಡುತ್ತಿದ್ದ. ಶೆಡ್ಡಿನಲ್ಲಿ ಅವನನ್ನು ಏನೇನೋ ಅನ್ನುತ್ತಿದ್ದರು, ಮೈದಾನದಲ್ಲಿ ಮಾತ್ರ ಕೋಚ್ ಎಂದು ಮರ್ಯಾದೆ ಕೊಡುತ್ತಿದ್ದರು. ಅದು ತೊಂಬತ್ತರ ದಶಕದ ನಡುವಿನ ಮಾತು, ಲಂಡನ್ನಿಗೆ ಆ ಆಟದ ಹುಚ್ಚು ಸ್ವಲ್ಪ ಹಿಡಿದಿದ್ದ ಕಾಲ.

ಒಂದು ದಿನ ನನ್ನ ತೂಕದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಂದ.

"ನೀನು ಟೀಚರ್ ಆಗಿದ್ದೆಯಂತೆ?"

"ಹನ್ನೆರಡು ವರ್ಷ."

"ಪೇಪರ್ ತಿದ್ದಿದ್ದೀಯಾ?"

"ಗುಡ್ಡೆ ಗುಡ್ಡೆ."

"ಭಾನುವಾರ ಏನು ಮಾಡುತ್ತೀಯ?"

ಕೆಲಸ ಏನೆಂದು ವಿವರಿಸಿದ. ಲೀಗ್ ಏಪ್ರಿಲಿನಲ್ಲಿ ಶುರುವಾಗುತ್ತದೆ. ಅದಕ್ಕೆ ಮೊದಲು ನಾಲ್ಕು ಸ್ನೇಹ ಪಂದ್ಯ. ಅವುಗಳಲ್ಲಿ ಗೆಲ್ಲುವುದು ಯಾರಿಗೂ ಬೇಕಿಲ್ಲ. ಮುಖ್ಯ ಆಟಗಾರರು ಸ್ವಲ್ಪ ಹೊತ್ತು ಆಡಿ ಕೋಟು ಹೊದ್ದು ಕೂತುಬಿಡುತ್ತಾರೆ, ಆಮೇಲೆ ಬದಲಿ ಆಟಗಾರರು ಇಳಿಯುತ್ತಾರೆ. ಅವರು ಹದಿನೇಳು ಜನ, ತಂಡದಲ್ಲಿ ಇರುವ ಜಾಗ ಒಂಬತ್ತು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತಿಳಿಯಲು ಒಬ್ಬ ಕೂತು ಅವರಿಗೆ ಮಾರ್ಕು ಹಾಕಬೇಕು. "ನಾನು ಕೂಗುವುದರಲ್ಲಿ ಇರುತ್ತೇನೆ, ನನಗೆ ಏನೂ ಕಾಣುವುದಿಲ್ಲ. ಆಟ ಗೊತ್ತಲ್ಲ?" ಎಂದ.

ಗೊತ್ತಿಲ್ಲ ಅನ್ನುವುದು ಮಾಸ್ತರಿಕೆ ಮಾಡಿದವನ ನಾಲಗೆಗೆ ಹೊರಳದ ಮಾತು. "ಫುಟ್‌ಬಾಲ್ ತಾನೆ" ಎಂದುಬಿಟ್ಟೆ.

ಮೊದಲ ಪಂದ್ಯ. ಮಡಚುವ ಕುರ್ಚಿ, ತೊಡೆಯ ಮೇಲೆ ರಟ್ಟು, ಕೈಯಲ್ಲಿ ಪೆನ್ನು. ಫುಟ್‌ಬಾಲಿನಲ್ಲಿ ಚೆಂಡನ್ನು ಕಾಲಿನಿಂದ ಒದೆಯಬೇಕು ಎಂಬುದಷ್ಟು ನನಗೆ ಗೊತ್ತಿತ್ತು. ಇಲ್ಲಿ ನೋಡಿದರೆ ಎಲ್ಲರೂ ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಓಡುತ್ತಿದ್ದಾರೆ, ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ, ಕೈಯಿಂದ ಎಸೆಯುತ್ತಿದ್ದಾರೆ. ಸಾಲಾಗಿ ಸೊನ್ನೆ ಹಾಕುತ್ತ ಹೋದೆ. ಬಹಳ ಹೊತ್ತಿನ ಮೇಲೆ ಒಬ್ಬ ಸಣಕಲ ಮನುಷ್ಯ ಒಳಗೆ ಬಂದ, ಚೆಂಡನ್ನು ಆಕಾಶಕ್ಕೆ ಒದ್ದ, ಯಾರ ಜೊತೆಗೂ ಜಗಳ ತೆಗೆಯದೆ ಹೊರಗೆ ಹೋದ. ನನಗೆ ಜೀವ ಬಂತು. ಅವನು ಬಂದಾಗಲೆಲ್ಲ ಒದ್ದ. ಕೊನೆಗೆ ವರದಿಯಲ್ಲಿ ಬರೆದೆ: 'ಆಟದ ನಿಯಮ ತಿಳಿದ ಏಕೈಕ ಆಟಗಾರ. ಉಳಿದವರಿಗೆ ಇವನಿಂದ ಪಾಠ ಹೇಳಿಸಬೇಕು. ನೂರಕ್ಕೆ ನೂರು.'

ಕೋಚ್ ಅದನ್ನು ಎರಡು ಸಲ ಓದಿದ.

"ನಮಗೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ ಇರುತ್ತದೆ. ಇನ್ನು ಆಗುವುದೇ ಇಲ್ಲ ಅಂತ ಗೊತ್ತಾದಾಗ ಚೆಂಡನ್ನು ಒದ್ದು ಕೈ ತೊಳೆದುಕೊಳ್ಳುತ್ತೇವೆ. ಅವನು ಒಳಗೆ ಬಂದ ಅಂದರೆ ನಾವು ಸೋತೆವು ಅಂತ ಅರ್ಥ. ಇವತ್ತು ಹನ್ನೊಂದು ಸಲ ಬಂದ."

"ಅದಕ್ಕೇ, ಅವನ ಶ್ರಮಕ್ಕೆ ಬೆಲೆ ಕೊಡಬೇಕು" ಎಂದೆ.

"ಅವನು ಪರೀಕ್ಷೆಗೆ ಕೂತವನೇ ಅಲ್ಲ. ಒದೆಯುವವನು ಇವತ್ತು ಬರಲಿಲ್ಲ ಅಂತ ಕರೆದುಕೊಂಡು ಬಂದೆ. ನನ್ನ ಹಲ್ಲಿನ ಡಾಕ್ಟರು."

೨. ಎಲ್ಲರೂ ಪಾಸು

ಮುಂದಿನ ವಾರವೆಲ್ಲ ಕೋಚ್ ಕ್ಯಾಂಟೀನಿನ ಮೇಜಿನ ಮೇಲೆ ಚಹಾದ ಕಪ್ಪುಗಳನ್ನು ಸಾಲಾಗಿ ಇಟ್ಟು ನನಗೆ ಆಟ ಕಲಿಸಿದ. ಎರಡನೇ ಪಂದ್ಯದಲ್ಲಿ ಕಣ್ಣು ಕೀಳದೆ ನೋಡಿದೆ. ಆದರೆ ಹೊಸ ಆಟ ಕಲಿತೆನೇ ಹೊರತು ಹಳೆಯ ಚಟ ಬಿಡಲಿಲ್ಲ.

ನಮ್ಮ ಕಡೆ ಮೂವತ್ತೈದು ಬಂದರೆ ಪಾಸು. ಹನ್ನೆರಡು ವರ್ಷದಲ್ಲಿ ನನ್ನ ಕೈಯಿಂದ ಒಬ್ಬನೂ ಫೇಲಾಗಿಲ್ಲ. ಮೂವತ್ತೆರಡು ಬಂದವನ ಉತ್ತರ ಪತ್ರಿಕೆ ಮುಂದೆ ಇದ್ದರೆ ಅವನ ಅಪ್ಪನ ಮುಖ ಕಣ್ಣೆದುರು ಬರುತ್ತಿತ್ತು. ಅಕ್ಷರ ದುಂಡಗಿದೆ ಎಂದು ಒಂದು, ಹಾಳೆಯ ಅಂಚಿಗೆ ಸಮಾಸು ಬಿಟ್ಟಿದ್ದಾನೆ ಎಂದು ಒಂದು, ಪ್ರಶ್ನೆಯನ್ನಾದರೂ ತಪ್ಪಿಲ್ಲದೆ ಬರೆದಿದ್ದಾನೆ ಎಂದು ಇನ್ನೊಂದು ಕೊಟ್ಟು ದಾಟಿಸುತ್ತಿದ್ದೆ. ಮೈದಾನದಲ್ಲಿ ಕೂತಾಗಲೂ ಕೈ ತಾನಾಗಿಯೇ ಅದನ್ನೇ ಮಾಡಿತು.

ಆ ಹದಿನೇಳು ಜನರಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ಜಮೈಕಾ ಮೂಲದವನು, ನಮ್ಮ ಮನೆಯಿಂದ ಏರ್‌ಪೋರ್ಟಿಗೆ ಹೋಗುವ ಬಸ್ಸನ್ನು ಓಡಿಸುವವನು. ಮೂವತ್ತಾರು ವಯಸ್ಸು. ದೂರದಿಂದ ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವ ಜಾಗಕ್ಕೆ ನಿಂತಿದ್ದ. ಆರು ವರ್ಷದಿಂದ ಬರುತ್ತಿದ್ದ, ಆರು ವರ್ಷವೂ ಕೊನೆಯ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಮುಂದಿನ ವರ್ಷ ಮೊಣಕಾಲು ಒಪ್ಪುವುದಿಲ್ಲ, ಇದೇ ಕೊನೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದ.

ಸೋಮವಾರ ಬಸ್ ಹತ್ತಿದರೆ, ಮೆಲ್ಲಗೆ ಕೇಳಿದ: "ನನಗೆ ಎಷ್ಟು ಬಂತು?"

"ಮೂವತ್ತೈದು."

"ಅದು ಒಳ್ಳೆಯದಾ?"

"ಪಾಸು."

ಹಿಂದೆ ಸಾಲು ನಿಂತವರು ಗೊಣಗುತ್ತಿದ್ದರೂ ಟಿಕೆಟ್ ಕೊಡುವ ಕಿಂಡಿಯಿಂದ ಕೈ ಹೊರಗೆ ಚಾಚಿ ನನ್ನ ಕೈ ಕುಲುಕಿದ. ಆ ಕೈಕುಲುಕನ್ನು ಈಗ ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಯಾಕೆಂದರೆ ಮೂವತ್ತೈದು ಅವನೊಬ್ಬನಿಗೆ ಬಂದಿರಲಿಲ್ಲ.

ಕೋಚ್ ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿದ. "ಮೂವತ್ತೈದು, ಮೂವತ್ತೈದು, ಮೂವತ್ತೈದು... ಹದಿನೇಳು ಜನಕ್ಕೂ ಮೂವತ್ತೈದಾ?"

"ಯಾರೂ ಫೇಲಾಗಿಲ್ಲ, ಸಂತೋಷದ ವಿಷಯ."

"ನಾನು ಎಂಟು ಜನರನ್ನು ಮನೆಗೆ ಕಳಿಸಬೇಕು! ಇವನು ಯಾರು? ಇವನು ನಿನ್ನೆ ಮೈದಾನಕ್ಕೇ ಬಂದಿರಲಿಲ್ಲವಲ್ಲ?"

"ಪಾಪ, ಜ್ವರ ಬಂದಿತ್ತಂತೆ" ಎಂದೆ.

೩. ಹೆಂಡತಿಯ ಓಟ

ಅಂದಿನಿಂದ ಹೊಸ ನಿಯಮ. ಒಬ್ಬೊಬ್ಬನಿಗೂ ಪ್ರತಿ ಸಲದ ಆಟಕ್ಕೆ ಪ್ಲಸ್ ಒಂದು ಅಥವಾ ಮೈನಸ್ ಒಂದು. ನೂರಕ್ಕೆ ಎಷ್ಟು ಎಂಬ ಲೆಕ್ಕವೇ ಬೇಡ. ಕರುಣೆಗೆ ಕಾಲಂ ಇಲ್ಲ ಎಂದು ಕೋಚ್ ಕಟ್ಟುನಿಟ್ಟಾಗಿ ಹೇಳಿದ. ತನಗೆ ಮೊತ್ತ ಸಾಕು, ನನ್ನ ಷರಾ ಓದುವ ಚೈತನ್ಯ ಇಲ್ಲ ಎಂದೂ ಹೇಳಿದ. ಹಾಗಾಗಿ ಷರಾ ಮಾತ್ರ ಕನ್ನಡದಲ್ಲಿ, ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ಬೇಗ ಆಗುತ್ತಿತ್ತು.

ಮೂರನೇ ಪಂದ್ಯ ಪಿನ್ನರ್‌ನಲ್ಲಿ, ಒಂದು ಶಾಲೆಯ ಮೈದಾನದಲ್ಲಿ. ಸುತ್ತಲಿನ ಮನೆಗಳವರು ನಾಯಿ ಹಿಡಿದುಕೊಂಡು ಬೇಲಿಯಾಚೆ ನಿಂತು, ಇದೇನು ತಮ್ಮ ಊರಿಗೆ ಬಂದ ಗ್ರಹಚಾರ ಎಂಬಂತೆ ನೋಡುತ್ತಿದ್ದರು. ನಾನು ಪ್ರತಿ ಭಾನುವಾರ ಎಲ್ಲಿ ಹೋಗುತ್ತೇನೆ ಎಂದು ಅನುಮಾನ ಬಂದು ಹೆಂಡತಿಯೂ ಅವತ್ತು ಜೊತೆಗೆ ಬಂದಿದ್ದಳು. ಶಾಲು, ಚಹಾದ ಫ್ಲಾಸ್ಕು, ಕೋಡುಬಳೆ.

ಬಸ್ ಡ್ರೈವರ್ ಚೆಂಡು ಹಿಡಿದ. ಹಿಡಿದ ಕೂಡಲೇ ಎದುರಾಳಿಗಳು ಏಳೆಂಟು ಜನ ಅವನ ಮೇಲೆ ಬಿದ್ದರು. ಹೆಂಡತಿ ನನ್ನ ತೋಳು ಹಿಡಿದಳು.

"ಏನ್ರಿ, ಆ ಮನಶ್ಯಾ ಕೆಳಗ ಸಿಕ್ಕಾನ!"

"ಅದು ಆಟ."

"ಎಂಟು ಮಂದಿ ಮ್ಯಾಲ ಬಿದ್ದಾರ, ಉಸರ ಹ್ಯಾಂಗ ಆಡಬೇಕ ಅಂವಾ? ನೀವು ಇಲ್ಲಿ ಕೂತು ಮಾರ್ಕ್ ಹಾಕಾಕತ್ತೀರಿ! ನಾಚಿಕಿ ಬರೂದಿಲ್ಲ?"

ಎಂದವಳೇ ಸೀರೆಯ ನೆರಿಗೆ ಎತ್ತಿ ಕಟ್ಟಿ, ಶೂ ಹಾಕಿದ ಕಾಲಲ್ಲಿ ಕೆಸರು ಹಾರಿಸುತ್ತ ಮೈದಾನದ ನಡುವಿಗೆ ಓಡಿದಳು. ಕೈಯಲ್ಲಿ ಫ್ಲಾಸ್ಕು. ಆಸ್ಪತ್ರೆಯಲ್ಲಿ ವಾರ್ಡ್ ನಡೆಸುವವಳು, ದನಿ ಕೇಳಿದರೆ ಡಾಕ್ಟರುಗಳೇ ದಾರಿ ಬಿಡುತ್ತಾರೆ. ಒಬ್ಬೊಬ್ಬನನ್ನೂ ಹೆಗಲು ತಟ್ಟಿ ಎಬ್ಬಿಸಿದಳು. ಅವರೂ ಗಾಬರಿಯಾಗಿ ಸಾರಿ ಸಾರಿ ಎನ್ನುತ್ತ ಎದ್ದರು. ಕೆಳಗಿದ್ದ ಡ್ರೈವರ್ "ನಾನು ಆರಾಮಾಗಿದ್ದೇನೆ" ಎಂದು ಎಷ್ಟು ಹೇಳಿದರೂ ಬಿಡದೆ ಅವನ ನಾಡಿ ಹಿಡಿದು ನೋಡಿ, ಒಂದು ಮುಚ್ಚಳ ಚಹಾ ಕುಡಿಸಿಯೇ ಬಂದಳು. ರೆಫರಿ ಹಳದಿ ಬಟ್ಟೆ ಎಸೆದು, ನಮ್ಮ ತಂಡಕ್ಕೆ ದಂಡವಾಗಿ ಹದಿನೈದು ಗಜ ಹಿಂದಕ್ಕೆ ಕಳಿಸಿದ.

ಕುರ್ಚಿಗೆ ವಾಪಸ್ ಬಂದು ಕೂತ ಮೇಲೆ ಅವಳು ಹೇಳಿದ್ದು ಒಂದೇ ಮಾತು. "ಅಷ್ಟ ಮಂದಿ ಮ್ಯಾಲ ಬಿದ್ರೂ ಚೆಂಡ ಬಿಟ್ಟಿಲ್ಲ ನೋಡ್ರಿ ಅಂವಾ. ಇವನ್ನ ತಗೋಬೇಕು." ನಾನು ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದೆ.

ಆಟ ಮುಗಿದ ಮೇಲೆ ಕೋಚ್ ನೇರ ನನ್ನ ಹತ್ತಿರ ಬಂದ. ಬೈಗುಳಕ್ಕೆ ತಯಾರಾಗಿ ನಿಂತೆ. ಅವನು ದೂರದಲ್ಲಿ ಕೆಸರು ಒರೆಸಿಕೊಳ್ಳುತ್ತಿದ್ದ ನನ್ನ ಹೆಂಡತಿಯನ್ನೇ ನೋಡುತ್ತ ಕೇಳಿದ: "ನನ್ನ ಹದಿನೇಳು ಜನರಲ್ಲಿ ಇಷ್ಟು ಜೋರಾಗಿ ಓಡಿದವರು ಯಾರೂ ಇಲ್ಲ. ಇವರಿಗೆ ಎಷ್ಟು ಹಾಕಿದೆ?"

೪. ಕೆಸುವಿನ ಎಲೆ

ಇನ್ನು ಹೇಳುವುದು ನಗುವ ವಿಷಯವಲ್ಲ. ಆದರೂ ಜನ ನಗುತ್ತಾರೆ, ಅದು ನನ್ನ ಹಣೆಬರಹ.

ನಮ್ಮ ಶೆಡ್ಡಿನ ಪಕ್ಕದಲ್ಲಿ ವಿಮಾನಗಳಿಗೆ ಊಟ ಕಟ್ಟುವ ದೊಡ್ಡ ಅಡುಗೆಮನೆ. ಅಲ್ಲಿ ಉಡುಪಿ ಕಡೆಯ ಒಬ್ಬ ಹೆಂಗಸು ಕೆಲಸಕ್ಕಿದ್ದರು. ಮನೆಯಲ್ಲಿ ಕೊಂಕಣಿ, ಭಾನುವಾರ ಚರ್ಚು, ನನ್ನ ಜೊತೆ ಅಚ್ಚ ಕರಾವಳಿ ಕನ್ನಡ. ನಾನು ಅವರನ್ನು 'ಅಕ್ಕಾರ' ಅನ್ನುತ್ತಿದ್ದೆ, ಅವರು ನನ್ನನ್ನು 'ಮಾಷ್ಟ್ರೆ' ಅನ್ನುತ್ತಿದ್ದರು. ಅವರ ಮಗ ಇಪ್ಪತ್ತೊಂದರ ಹುಡುಗ, ಕಾಲೇಜಿನ ಕೊನೆಯ ವರ್ಷ, ದಪ್ಪ ಗಾಜಿನ ಕನ್ನಡಕ. ಅವನೂ ಆ ಹದಿನೇಳರಲ್ಲಿ ಒಬ್ಬ. ಅದೂ ಚೆಂಡು ಹಿಡಿಯುವ ಜಾಗಕ್ಕೇ. ಆ ಜಾಗ ಇದ್ದದ್ದು ಒಂದು, ಕೊನೆಗೆ ಉಳಿದವರು ಇಬ್ಬರು: ಬಸ್ ಡ್ರೈವರ್ ಮತ್ತು ಈ ಹುಡುಗ.

ನಾನು ಮಾರ್ಕು ಹಾಕುವ ವಿಷಯ ಅಕ್ಕಾರ ಕಿವಿಗೆ ಬಿದ್ದ ದಿನದಿಂದ ಡಬ್ಬಿ ಬರತೊಡಗಿತು. ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿಯ ಮಸಾಲೆ ಹಿಟ್ಟು ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿ, ಹೆಚ್ಚಿ, ಬೆಲ್ಲ ಹಾಕಿ ಒಗ್ಗರಣೆ ಮಾಡಿದ್ದು. ಜೋಳದ ರೊಟ್ಟಿ ತಿಂದು ಬೆಳೆದ ನಾನು ಅಂಥದನ್ನು ಕಂಡವನಲ್ಲ. ಎಲೆಗಾಗಿ ಅವರು ರಜೆಯ ದಿನ ಸೌತ್‌ಹಾಲ್‌ಗೆ ಹೋಗಿ ಬರುತ್ತಿದ್ದರು.

"ಇದೆಲ್ಲ ಯಾಕ್ರಿ ಅಕ್ಕಾರ, ಸುಮ್ನ ತ್ರಾಸು."

"ಎಂತ ತ್ರಾಸು ಮಾಷ್ಟ್ರೆ? ನನ್ನ ಮಗ ಆಡುದು ನಿಮಗೆ ಗೊತ್ತುಂಟಲ್ಲ. ನಾನು ಬಾಯಿಬಿಟ್ಟು ಎಂತ ಹೇಳುದು. ನೀವು ಮಾಷ್ಟ್ರು, ನಿಮಗೆ ಅರ್ಥ ಆಗ್ತದೆ."

ಅರ್ಥವಾಯಿತು. ಹನ್ನೆರಡು ವರ್ಷ ಎಷ್ಟು ಅಪ್ಪ ಅಮ್ಮಂದಿರು ಉಂಡಿ, ಶೇಂಗಾ ಹೋಳಿಗೆ ಹಿಡಿದುಕೊಂಡು ಬಂದು ಇದೇ ಮಾತು ಹೇಳಿರಲಿಲ್ಲ! ಆಗೆಲ್ಲ ಡಬ್ಬಿಯನ್ನು ವಾಪಸ್ ಕಳಿಸುತ್ತಿದ್ದೆ, ಮಾರ್ಕು ಹೇಗೂ ಕೊಡುತ್ತಿದ್ದೆ. ಇಲ್ಲಿ ಡಬ್ಬಿಯನ್ನೂ ಇಟ್ಟುಕೊಂಡೆ.

ನಾಲ್ಕನೇ ಪಂದ್ಯ, ಕೊನೆಯದು. ಡ್ರೈವರ್ ಮೂರು ಅಂಕ ಮುಂದಿದ್ದ. ಹುಡುಗನ ಕಡೆಗೆ ಚೆಂಡು ನಾಲ್ಕು ಸಲ ಬಂತು, ನಾಲ್ಕು ಸಲವೂ ಬಿಟ್ಟ. ಒಂದು ಎದೆಗೆ ಬಡಿಯಿತು, ಒಂದು ಹೆಲ್ಮೆಟ್ಟಿಗೆ ಬಡಿಯಿತು. ಆದರೆ ಪಕ್ಕಕ್ಕೆ ಸರಿಯಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ನಾನು ಬರೆದೆ: 'ಚೆಂಡಿನ ಭಯ ಲವಲೇಶವಿಲ್ಲ. ಧೈರ್ಯಕ್ಕೆ ಪ್ಲಸ್ ಒಂದು.' ಹೀಗೆ ನಾಲ್ಕು ಸಲ ಧೈರ್ಯ. ಕರುಣೆಗೆ ಕಾಲಂ ಇರಲಿಲ್ಲ, ಧೈರ್ಯದ ಹೆಸರಿನಲ್ಲಿ ಒಳಗೆ ಬಿಟ್ಟೆ.

ಆಮೇಲೆ ಥಂಡಿ ಹೆಚ್ಚಾಯಿತು. ಬೆಳಿಗ್ಗೆ ಅಕ್ಕಾರು ಮಗನ ಕೈಯಲ್ಲೇ ಕಳಿಸಿದ್ದ ಡಬ್ಬಿ ಚೀಲದಲ್ಲಿತ್ತು. ಒಂದು ತುಂಡು ತಿನ್ನೋಣ ಎಂದು ತೆಗೆದೆ. ಹೆಂಡತಿ ಪಕ್ಕದಲ್ಲಿ ಕೂತು ಆಟ ನೋಡುತ್ತಿದ್ದಳು. ಎರಡನೇ ತುಂಡು ಬಾಯಲ್ಲಿದ್ದಾಗ ಅವಳು ನನ್ನ ತೋಳು ಹಿಡಿದು ಜಗ್ಗಿದಳು: "ನೋಡ್ರಿ! ನೋಡ್ರಿ ಅಲ್ಲೆ!" ನಾನು "ತಡಿ" ಎಂದು ಬೆರಳಿಗೆ ಹತ್ತಿದ್ದ ಬೆಲ್ಲ ನೆಕ್ಕಿದೆ. ಜನ ಕೂಗಿದರು. ತಲೆ ಎತ್ತಿದರೆ ಡ್ರೈವರ್ ಗೆರೆಯ ಹತ್ತಿರ ಕೆಸರಿನಲ್ಲಿ ಅಂಗಾತ ಬಿದ್ದಿದ್ದಾನೆ. ಏನಾಯಿತು ಎಂದು ಕೇಳಲು ಬಾಯಿ ತುಂಬಿತ್ತು. ಬಿದ್ದಿರುವುದು ಕಣ್ಣಿಗೆ ಕಾಣುತ್ತಿತ್ತಲ್ಲ, 'ಜಾರಿ ಬಿದ್ದ. ಮೈನಸ್ ಒಂದು' ಎಂದು ಬರೆದೆ. ಹಾಗೇ ಹಾಳೆಯ ಅಂಚಿನಲ್ಲಿ, ಹಳೆಯ ಚಟಕ್ಕೆ, ಇನ್ನೊಂದು ಷರಾ ಗೀಚಿದೆ. ಅದೇನೆಂದು ಆಮೇಲೆ ಹೇಳುತ್ತೇನೆ.

ಆಗ ಕೋಚ್ ರೆಫರಿಯ ಜೊತೆ ಜಗಳದಲ್ಲಿದ್ದ, ಅವನ ಬೆನ್ನು ಆ ಕಡೆಗಿತ್ತು. ಸಂಜೆ ನನ್ನ ಮೊತ್ತ ನೋಡಿಯೇ ಪಟ್ಟಿ ಹಚ್ಚಿದ. ಹುಡುಗ ಒಳಗೆ, ಡ್ರೈವರ್ ಹೊರಗೆ. ಡ್ರೈವರ್ ಪಟ್ಟಿಯನ್ನು ಓದಿ, ಯಾರನ್ನೂ ಏನೂ ಕೇಳದೆ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಹೋಗುವಾಗ ನನಗೂ "ಥ್ಯಾಂಕ್ಸ್ ಟೀಚರ್" ಎಂದು ಹೇಳಿ ಹೋದ. ನಾನು ಖಾಲಿ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು "ಮುಂದಿನ ವರ್ಷ ಚೆನ್ನಾಗಿ ಓದು" ಎಂದೆ.

೫. ಯಾರಿಗೂ ಬೇಡದ ಪಾಸು

ಸೋಮವಾರ ಕ್ಯಾಂಟೀನಿನಲ್ಲಿ ಅಕ್ಕಾರು ಕಂಡರು. ಮಗ ಇನ್ನೂ ತಿಳಿಸಿರಲಿಲ್ಲವಂತೆ, ನಾನೇ ಎದ್ದು ಹೋಗಿ ಹೇಳಿದೆ: "ಪಾಸ್ ಮಾಡೇನ್ರಿ ಅಕ್ಕಾರ. ತಂಡದಾಗ ತಗೊಂಡ್ರು."

ಅವರು ಹಿಡಿದಿದ್ದ ಟ್ರೇಯನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟರು.

"ದೇವರೇ! ಎಂತ ಕೆಲಸ ಮಾಡಿದ್ರಿ ಮಾಷ್ಟ್ರೆ!"

"ಯಾಕ್ರಿ?"

"ಮೇ ತಿಂಗಳಲ್ಲಿ ಅವನಿಗೆ ಪರೀಕ್ಷೆ ಉಂಟು. ಹೋದ ತಿಂಗಳು ಬೆರಳು ಮುರ್ಕೊಂಡು ಬಂದ. ನಾನು ಹೇಳಿದ್ರೆ ಕೇಳುವ ಪ್ರಾಯವಾ ಅದು? ನೀವಾದ್ರೂ ಫೇಲ್ ಮಾಡ್ತೀರಿ, ಮನೆಗೆ ಬಂದು ಪುಸ್ತಕ ಹಿಡೀತಾನೆ ಅಂತ ನಾನು ಆ ಥಂಡಿಯಲ್ಲಿ ಸೌತ್‌ಹಾಲ್‌ಗೆ ಹೋಗಿ ಎಲೆ ತಂದದ್ದು!"

"ಮತ್ತ ಒಂದ ಮಾತು ಹೇಳಬಾರದೇನ್ರಿ?"

"ಹೇಗೆ ಹೇಳುದು? ನನ್ನ ಮಗನನ್ನು ಫೇಲ್ ಮಾಡಿ ಅಂತ ಹೆತ್ತ ಬಾಯಲ್ಲಿ ಹೇಳ್ಲಿಕ್ಕೆ ಬರ್ತದಾ?" ಎಂದು ಕಣ್ಣು ಒರೆಸಿಕೊಂಡರು.

ಮನೆಗೆ ಹೋದರೆ ಅಲ್ಲಿ ಇನ್ನೊಂದು ಕಾದಿತ್ತು. ಭಾನುವಾರ ಪಟ್ಟಿ ಹಚ್ಚುವ ಮೊದಲೇ ರಾತ್ರಿ ಪಾಳಿಗೆ ಹೋಗಿದ್ದ ಹೆಂಡತಿ, ಡ್ರೈವರ್ ಹೊರಗಾದ, ಜಾರಿ ಬಿದ್ದದ್ದಕ್ಕೆ ಮೈನಸ್ ಹಾಕಿದೆ ಎಂದು ನನ್ನ ಬಾಯಿಂದ ಕೇಳಿ ಲಟ್ಟಣಿಗೆ ಕೆಳಗಿಟ್ಟಳು. "ಜಾರಿ ಬಿದ್ದ? ಹಂಗಂತ ಬರದೀರಿ? ಅಂವಾ ಗಾಳ್ಯಾಗ ಹಾರಿ, ಬೆನ್ನ ಹಿಂದಿಂದ ಬಂದ ಚೆಂಡ ಒಂದ ಕೈಲೆ ಹಿಡದು, ಎದಿಗೆ ಅವಚಿಕೊಂಡ ಬಿದ್ದಾನ. ಮೈದಾನದಾಗ ಮಂದಿ ಎಲ್ಲಾ ಚಪ್ಪಾಳಿ ಹೊಡದ್ರು. ನೋಡದವರು ನೀವೊಬ್ಬರ."

ಮರುದಿನ ಬೆಳಿಗ್ಗೆ ಕೋಚ್ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ.

"ಅಂದರೆ ನನ್ನ ತಂಡದ ಒಂದು ಜಾಗವನ್ನು ನೀನು ಎಲೆಗೆ ಕೊಟ್ಟೆ."

"ಬರೀ ಎಲೆ ಅಲ್ಲ" ಎಂದು ಶುರುಮಾಡಿದವನು, ವಿವರ ಕೊಟ್ಟಷ್ಟೂ ಮಾನ ಹೋಗುತ್ತದೆ ಎಂದು ತಿಳಿದು ನಿಲ್ಲಿಸಿದೆ. ಡ್ರೈವರನ್ನು ನಾನೇ ಹೋಗಿ ವಾಪಸ್ ಕರೆಯಬೇಕು, ಆದದ್ದನ್ನು ನನ್ನ ಬಾಯಿಂದಲೇ ಹೇಳಬೇಕು ಎಂದು ಅವನು ಅಪ್ಪಣೆ ಮಾಡಿದ. ಹುಡುಗನ ಹೆಸರಿನ ಮುಂದೆ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ, ಫೇಲ್ ಎಂದು ಬರೆದೆ.

ಹುಡುಗನ ಮನೆಗೆ ಹೋಗಿ ತಲೆ ತಗ್ಗಿಸಿ ವಿಷಯ ತಿಳಿಸಿದೆ. ಅವನಿಗೆ ಕನ್ನಡ ತಿಳಿಯುತ್ತದೆ, ಆಡುವುದು ಇಂಗ್ಲಿಷು. "ಥ್ಯಾಂಕ್ ಗಾಡ್, ಅಂಕಲ್" ಎಂದು ನನ್ನನ್ನು ತಬ್ಬಿಕೊಂಡ. ಗೆಳೆಯರ ಮುಂದೆ ತಾನಾಗಿ ಬಿಟ್ಟರೆ ಅವಮಾನ, ಯಾರಾದರೂ ತೆಗೆದುಹಾಕಲಿ ಎಂದು ತಿಂಗಳಿನಿಂದ ಕಾಯುತ್ತಿದ್ದನಂತೆ.

"ಆದರೂ ನಿನ್ನ ಧೈರ್ಯ ದೊಡ್ಡದಪ್ಪಾ" ಎಂದೆ. "ಚೆಂಡು ಮುಖಕ್ಕೆ ಬಂದರೂ ಕದಲಲಿಲ್ಲ."

"ಧೈರ್ಯ ಅಲ್ಲ ಅಂಕಲ್. ಹೆಲ್ಮೆಟ್ ಹಾಕಲು ಕನ್ನಡಕ ತೆಗೆಯಬೇಕು. ನನಗೆ ಚೆಂಡು ಕಾಣುತ್ತಲೇ ಇರಲಿಲ್ಲ."

೬. ತೊಂಬತ್ತೆರಡು ಯಾರು?

ಬುಧವಾರ ಬೆಳಿಗ್ಗೆ ಆ ಹಾಳೆಯನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟುಕೊಂಡು ಡ್ರೈವರನ ಬಸ್ ಹತ್ತಿದೆ. ಅವನು ಎಂದಿನಂತೆ ನಕ್ಕ. ಬಸ್ ಓಡುವಾಗ ಡ್ರೈವರ್ ಜೊತೆ ಮಾತಾಡಬಾರದು ಎಂಬ ಬೋರ್ಡು ನನ್ನ ಮೂಗಿನ ನೇರಕ್ಕಿತ್ತು. ಸಿಗ್ನಲ್ ಕೆಂಪಾದಾಗಲೆಲ್ಲ ಅರ್ಧ ವಾಕ್ಯ ಹೇಳುತ್ತಿದ್ದೆ, ಹಸಿರಾದ ಕೂಡಲೇ ಬಾಯಿ ಮುಚ್ಚುತ್ತಿದ್ದೆ. 'ನಾನು ನಿನಗೆ ಒಂದು ಅನ್ಯಾಯ' ಎಂಬಲ್ಲಿ ಒಂದು ಸ್ಟಾಪು, 'ಮಾಡಿದ್ದೇನೆ' ಎಂಬಲ್ಲಿ ಇನ್ನೊಂದು. ನನ್ನ ಸ್ಟಾಪ್ ದಾಟಿ, ಏರ್‌ಪೋರ್ಟ್ ದಾಟಿ, ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಅವನು ಎಂಜಿನ್ ಆರಿಸಿ, "ಈಗ ಹೇಳು" ಎಂದ.

ಹೇಳಿದೆ. ಹಾಳೆ ಕೇಳಿದ. ಕೊಟ್ಟೆ.

"ಇದು ನನ್ನ ನಂಬರು. ಇದು ನಾನು ಹಿಡಿದ ಆ ಚೆಂಡು. ಇಲ್ಲಿ ಏನು ಬರೆದಿದ್ದೀಯ?"

ಆ ಬಸ್ಸಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. 'ಅಮೋಘ' ಎಂದು ಬರೆದಿದೆ, ಮೈನಸ್ ಮಾತ್ರ ಕೈತಪ್ಪಿ ಬಂತು ಎಂದಿದ್ದರೆ ಅವನು ನಂಬುತ್ತಿದ್ದ. ಮಾತು ಬಾಯಿ ತನಕ ಬಂತು ಕೂಡ.

"ಜಾರಿ ಬಿದ್ದ ಅಂತ ಬರೆದಿದೆ" ಎಂದೆ.

ಅವನು ಎದುರಿನ ಗಾಜಿನ ಕಡೆ ತಿರುಗಿದ. "ಆರು ವರ್ಷ ಆಡಿ ಅಂಥದ್ದು ಒಂದೇ ಒಂದು ಹಿಡಿದೆ. ಅವತ್ತು ನನ್ನ ಮನೆಯವರು ಬಂದಿರಲಿಲ್ಲ. ಕೋಚ್ ಬೆನ್ನು ತಿರುಗಿಸಿದ್ದ. ಕೆಸರಿನಲ್ಲಿ ಬಿದ್ದಲ್ಲೇ ಅಂದುಕೊಂಡೆ, ಪರವಾಗಿಲ್ಲ, ಟೀಚರ್ ಬರೆದುಕೊಂಡಿರುತ್ತಾನೆ."

ನನ್ನ ಜೀವನದಲ್ಲಿ ಅಷ್ಟು ನಾಚಿಕೆಯಾದದ್ದು ಹಿಂದೆಯೂ ಇಲ್ಲ, ಆಮೇಲೂ ಇಲ್ಲ. ಕ್ಷಮಿಸು ಎಂದೆ. ಅವನು ಮತ್ತೆ ಹಾಳೆಯ ಮೇಲೆ ಕಣ್ಣಾಡಿಸಿದ. ಅಂಚಿನಲ್ಲಿ ಅವನ ಬೆರಳು ನಿಂತಿತು.

"ಇಲ್ಲಿ ಎಲ್ಲರಿಗೂ ಪ್ಲಸ್ ಒಂದು, ಮೈನಸ್ ಒಂದು. ಇದು ಮಾತ್ರ ತೊಂಬತ್ತೆರಡು. ನಮ್ಮಲ್ಲಿ ಇಷ್ಟು ಚೆನ್ನಾಗಿ ಆಡಿದವನು ಯಾರು?"

"ಅದು... ಆಟಗಾರ ಅಲ್ಲ."

"ಮತ್ತೆ?"

"ಪತ್ರೊಡೆ. ನಾನು ಆಗ ತಿನ್ನುತ್ತಿದ್ದದ್ದು."

ಅವನು ನನ್ನನ್ನು ನೋಡಿದ, ಹಾಳೆಯನ್ನು ನೋಡಿದ. "ನನಗೆ ಮೈನಸ್ ಒಂದು. ತಿಂಡಿಗೆ ತೊಂಬತ್ತೆರಡು." ಮೊದಲು ಹೆಗಲು ಅಲುಗಿತು. ಆಮೇಲೆ ಸ್ಟೇರಿಂಗ್ ಮೇಲೆ ತಲೆಯಿಟ್ಟು, ಹಾರ್ನ್ ಬಡಿದುಕೊಳ್ಳುವಷ್ಟು ನಕ್ಕ. ಹೊರಗೆ ಕಾಯುತ್ತಿದ್ದ ಜನ ಬಾಗಿಲು ಬಡಿದರೂ ನಿಲ್ಲಿಸಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, ತಾನು ತಂಡಕ್ಕೆ ಬರಬೇಕಾದರೆ ಒಂದು ಷರತ್ತು ಎಂದ. ನಾನು 'ಜಾರಿ ಬಿದ್ದ' ಎಂಬುದನ್ನು ಹೊಡೆದು ಹಾಕಿ ಸರಿಯಾದದ್ದನ್ನು ಬರೆಯಬೇಕು. ಬರೆದೆ: 'ಹಾರಿ ಒಂದೇ ಕೈಯಲ್ಲಿ ಹಿಡಿದ. ಪ್ಲಸ್ ಒಂದು. ನೋಡದೆ ಬರೆದದ್ದು ನನ್ನ ತಪ್ಪು.' ಕೆಳಗೆ ರುಜು ಹಾಕಿಸಿಕೊಂಡ. ಹಾಳೆಯನ್ನು ತನ್ನ ಸೀಟಿನ ಪಕ್ಕದ ಗಾಜಿಗೆ, ಹತ್ತುವವರಿಗೆಲ್ಲ ಕಾಣುವ ಹಾಗೆ, ಟೇಪ್ ಹಚ್ಚಿ ಅಂಟಿಸಿದ. ಇದನ್ನು ಇಲ್ಲಿ ಯಾರು ಓದುತ್ತಾರೆ ಎಂದು ನಾನೂ ಸುಮ್ಮನಾದೆ.

ಲೀಗಿನ ಮೊದಲ ಪಂದ್ಯದಲ್ಲಿ ಅವನು ಎರಡು ಚೆಂಡು ಬಿಟ್ಟ, ಒಂದು ಹಿಡಿದ. ಮೂರನ್ನೂ ನೋಡಿದೆ, ಮೂರನ್ನೂ ಬರೆದೆ. ಪ್ರತಿ ಸಲ ಓಡುವ ಮೊದಲು ಅವನು ನನ್ನ ಕಡೆ ತಿರುಗುತ್ತಿದ್ದ. ನಾನು ಎರಡೂ ಕೈ ಎತ್ತಿ, ಖಾಲಿ ಇವೆ ಎಂದು ತೋರಿಸಿದ ಮೇಲೆಯೇ ಓಡುತ್ತಿದ್ದ.

ಎಲ್ಲ ಮುಗಿಯಿತು, ಇನ್ನು ತಲೆ ಎತ್ತಿ ಓಡಾಡಬಹುದು ಎಂದು ನಾನು ಕ್ಯಾಂಟೀನಿನಲ್ಲಿ ಕೂತಿದ್ದಾಗ ಅಕ್ಕಾರು ಬಂದು ಎದುರಿಗೆ ಕೂತರು. ಮಗ ಪುಸ್ತಕ ಹಿಡಿದಿದ್ದಾನೆ ಎಂದು ಸಂತೋಷದಿಂದ ಹೇಳಿದರು. ಕೈಯಲ್ಲಿ ಡಬ್ಬಿ. ಮುಚ್ಚಳದ ಮೇಲೆ ಕೈ ಇತ್ತು, ತೆಗೆಯಲಿಲ್ಲ.

"ನಾನು ಕೂಡ ಆ ಬಸ್ಸಲ್ಲೇ ಬರುದು ಮಾಷ್ಟ್ರೆ" ಎಂದರು. "ಗಾಜಿಗೆ ಕನ್ನಡದಲ್ಲಿ ಎಂತದೋ ಅಂಟಿಸಿದ್ದಾರೆ, ಅಕ್ಷರ ಬಾರೀ ಚಂದ ಉಂಟು, ದಿನಾ ಓದ್ತೇನೆ."

ನನ್ನ ಕಿವಿ ಬಿಸಿಯಾಗತೊಡಗಿತು.

"ಚೆಂಡು ಬಿಟ್ಟ ನನ್ನ ಮಗನಿಗೆ ಪ್ಲಸ್ ಹಾಕಿದ್ದೀರಿ. ಇರ್ಲಿ. ಹಿಡಿದವನಿಗೆ ಮೈನಸ್ ಹಾಕಿದ್ದೀರಿ. ಅದೂ ಇರ್ಲಿ, ಅದು ನಿಮ್ಮ ಆಟದ ವಿಷಯ, ನನಗೆ ಗೊತ್ತಾಗುದಿಲ್ಲ." ಡಬ್ಬಿಯನ್ನು ತಮ್ಮ ಕಡೆಗೆ ಇನ್ನಷ್ಟು ಎಳೆದುಕೊಂಡರು. "ನನ್ನ ಪತ್ರೊಡೆಯಲ್ಲಿ ಆ ಎಂಟು ಮಾರ್ಕು ಯಾವುದಕ್ಕೆ ಕಳೆದದ್ದು, ಅದನ್ನೊಂದು ಹೇಳಿ ನೋಡುವ."